ಇಲಿಗೆ ಪೇನ್‌ಕಿಲ್ಲರ್ ಕೊಟ್ರೂ ನೋವು ಇಳೀತಿಲ್ವಾ, ಕೊಟ್ಮೇಲೆ ಇನ್ನೂ ಮಂಕಾಗಿದ್ಯಾ? ಎಡವಟ್ಟು ಎಲ್ಲಾಗಿದೆ ಅಂತ ಹುಡುಕೋ ದಾರಿ

ಮನೇಲಿ ಇಲಿ ಸಾಕಿರೋರು ನೋವಿನ ಔಷಧಿ ವಿಷ್ಯದಲ್ಲಿ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಎರಡೇ. ಒಂದು, ಡಾಕ್ಟ್ರು ಬರೆದುಕೊಟ್ಟ ಔಷಧಿ ಕೊಡ್ತಾನೇ ಇದೀವಿ ಆದ್ರೆ ಇಲಿ ಹಂಗೇ ಮುದುಡ್ಕೊಂಡು ಕೂತಿದೆ. ಇನ್ನೊಂದು, ಕೊಡೋಕೆ ಮುಂಚೆ ಅಷ್ಟಿಷ್ಟು ಓಡಾಡ್ತಿತ್ತು, ಕೊಟ್ಮೇಲೆ ಊಟಾನೂ ಬಿಟ್ಟಿದೆ. ನಾನು ನೋಡಿದ ಹಾಗೆ ಇದ್ರಲ್ಲಿ ಔಷಧೀದೇ ತಪ್ಪು ಅನ್ನೋದು ಕಮ್ಮಿ, ಇಲಿ ತೂಕ, ಅದಕ್ಕೆ ಬೇಕಾದ ಎಂಜಿ, ಬಾಟ್ಲಿಯಿಂದ ತೆಗೆಯೋ ಎಂಎಲ್, ಕೈಯಲ್ಲಿರೋ ಸಿರಿಂಜು, ಈ ನಾಲ್ಕರಲ್ಲಿ ಒಂದು ಕಡೆ ಲೆಕ್ಕ ತಪ್ಪಿರುತ್ತೆ, ಇಲ್ಲಾಂದ್ರೆ ಅದು ನೋವೇ ಆಗಿರಲ್ಲ. ಅದಕ್ಕೇ ಡೋಸ್ ಜಾಸ್ತಿ ಮಾಡೋಕೆ ಮುಂಚೆ ಒಂದೊಂದನ್ನೂ ಕೆಳಗೆ ಬರೆದಿರೋ ಕ್ರಮದಲ್ಲೇ ಚೆಕ್ ಮಾಡ್ಕೊಂಡು ಬನ್ನಿ.

ಆದ್ರೆ ಇಲಿ ಬಾಯಿ ತೆರೆದು ಉಸಿರಾಡ್ತಿದ್ರೆ, ಮುಟ್ಟಿ ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ, ಫಿಟ್ಸ್ ಬಂದ್ರೆ, ಹಿಕ್ಕೆ ಟಾರಿನ ಥರ ಕಪ್ಪಗೆ ಅಂಟಂಟಾಗಿದ್ರೆ, ಅಥವಾ ರಾತ್ರಿ ಪೂರ್ತಿ ಏನೂ ಮುಟ್ಟಿಲ್ಲ ಅಂದ್ರೆ ಓದ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೊರಡಿ. ಇಲಿ ತಿನ್ನೋದೇ ರಾತ್ರಿ, ಒಂದು ರಾತ್ರಿ ಉಪವಾಸ ಅಂದ್ರೆ ಅದಕ್ಕೆ ದೊಡ್ಡದು.

ಮೊದ್ಲು: ಇದು ನಿಜವಾಗ್ಲೂ ನೋವೇನಾ?

ಇಲಿ ನೋವನ್ನ ಬಚ್ಚಿಡೋ ಪ್ರಾಣಿ. ಕಾಲು ಮುರಿದ್ರೂ ಕೆಲವು ಕೂಗಲ್ಲ, ಸುಮ್ನೆ ಮೂಲೆ ಹಿಡಿದು ಕೂತ್ಬಿಡುತ್ತೆ. ಆದ್ರೆ ಮುಖದಲ್ಲಿ ಗೊತ್ತಾಗುತ್ತೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆಕ್‌ಗಿಲ್ ಯೂನಿವರ್ಸಿಟಿಯವರು 2011ರಲ್ಲಿ ರ‍್ಯಾಟ್ ಗ್ರಿಮೇಸ್ ಸ್ಕೇಲ್ ಅಂತ, ಇಲಿ ಮುಖ ನೋಡಿ ನೋವು ಅಳೆಯೋ ಪಟ್ಟಿ ಒಂದನ್ನ ಪ್ರಕಟ ಮಾಡಿದ್ರು, ಅದ್ರಲ್ಲಿ ನೋಡ್ಬೇಕಾಗಿರೋದು ನಾಲ್ಕೇ ಜಾಗ: ಕಣ್ಣು, ಮೂಗು-ಕೆನ್ನೆ, ಕಿವಿ, ಮೀಸೆ. ಕಣ್ಣು ಅರ್ಧ ಮುಚ್ಚಿರುತ್ತೆ, ಮೂಗಿನ ಮೇಲಿನ ಉಬ್ಬು ಹೋಗಿ ಮುಖ ಚಪ್ಪಟೆ ಆಗುತ್ತೆ, ಕಿವಿ ಮಡಚಿ ಪಕ್ಕಕ್ಕೆ ತಿರುಗಿರುತ್ತೆ, ಮೀಸೆ ಬಿಗಿಯಾಗಿ ಒಟ್ಟಿಗೆ ಸೇರ್ಕೊಂಡಿರುತ್ತೆ. ಇದನ್ನ ಎಚ್ಚರ ಇರುವಾಗ ಮಾತ್ರ ನೋಡಿ, ನಿದ್ದೆಗಣ್ಣಲ್ಲಿರೋ ಇಲಿ ಮುಖಾನೂ ಇದೇ ಥರ ಕಾಣುತ್ತೆ. ಫೋನಲ್ಲಿ ಒಂದು ಸಣ್ಣ ವಿಡಿಯೋ ಮಾಡಿಟ್ಕೊಳ್ಳಿ, ಔಷಧಿ ಕೊಟ್ಟು ಎರಡು ಗಂಟೆ ಆದ್ಮೇಲೆ ಇನ್ನೊಂದು ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಸುಮ್ನೆ ಕಣ್ಣಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿ ಗೊತ್ತಾಗುತ್ತೆ, ಡಾಕ್ಟ್ರಿಗೆ ತೋರ್ಸೋಕೂ ಆಗುತ್ತೆ.

ಊಟ ಮಾಡೋ ರೀತಿ ಇನ್ನೂ ಹೆಚ್ಚು ಹೇಳುತ್ತೆ. ಚಪಾತಿ ಚೂರು ಕೊಟ್ಟು ನೋಡಿ. ಹೊಟ್ಟೆನೋ ಮೈಯೋ ನೋಯ್ತಿರೋ ಇಲಿ ಮೂಸಿ ನೋಡಿ ಮುಖ ತಿರುಗಿಸುತ್ತೆ. ಹಲ್ಲಿನ ತೊಂದ್ರೆ ಇರೋದು ಹಂಗಲ್ಲ, ಆಸೆಯಿಂದ ಎರಡೂ ಕೈಯಲ್ಲಿ ಹಿಡ್ಕೊಳ್ಳುತ್ತೆ, ಬಾಯಿಗೆ ತಗೊಂಡು ಹೋಗುತ್ತೆ, ಕಚ್ಚೋಕೆ ಹೋಗಿ ಕೆಳಗೆ ಬಿಡುತ್ತೆ, ಮತ್ತೆ ಎತ್ಕೊಳ್ಳುತ್ತೆ, ಮತ್ತೆ ಬಿಡುತ್ತೆ, ಗಲ್ಲ ಒದ್ದೆ ಆಗಿರುತ್ತೆ. ಅಲ್ಲಿ ಮುಂದಿನ ಹಲ್ಲು ಓರೆಯಾಗಿ ಬೆಳೆದು ಒಸಡಿಗೋ ಅಂಗುಳಕ್ಕೋ ಚುಚ್ತಿರುತ್ತೆ, ಎಷ್ಟು ಪೇನ್‌ಕಿಲ್ಲರ್ ಕೊಟ್ರೂ ಹಲ್ಲು ಸರಿ ಮಾಡಿಸೋ ತನಕ ಪೂರ್ತಿ ಇಳಿಯಲ್ಲ. (ಹಲ್ಲು ಹಳದಿ-ಕಿತ್ತಳೆ ಬಣ್ಣ ಇದ್ರೆ ಗಾಬರಿ ಬೇಡ, ದೊಡ್ಡ ಇಲಿಗೆ ಅದೇ ಸರಿಯಾದ ಬಣ್ಣ.)

ಕಣ್ಣಿನ ಸುತ್ತ, ಮೂಗಿನ ತುದಿಗೆ ಕೆಂಪು ಕಂಡ್ರೆ ರಕ್ತ ಅಂತ ಹೆದರ್ಕೊಳ್ಳೋರು ತುಂಬಾ. ಬಹಳ ಸಲ ಅದು ಪಾರ್ಫಿರಿನ್, ಕಣ್ಣಿನ ಹಿಂದಿರೋ ಹಾರ್ಡೇರಿಯನ್ ಗ್ರಂಥಿಯಿಂದ ಬರೋ ಬಣ್ಣ. ಅಂಗಡಿಯವ್ರು ಖೋಟಾ ನೋಟು ನೋಡೋಕೆ ಇಟ್ಕೊಂಡಿರೋ ಯುವಿ ಟಾರ್ಚ್ ಇರುತ್ತಲ್ಲ, ಟಿಶ್ಯೂಗೆ ಒರೆಸಿಕೊಂಡು ಅದರ ಬೆಳಕಲ್ಲಿ ಹಿಡಿದ್ರೆ ಪಾರ್ಫಿರಿನ್ ಗುಲಾಬಿ ಬಣ್ಣಕ್ಕೆ ಹೊಳೆಯುತ್ತೆ, ರಕ್ತ ಹೊಳೆಯಲ್ಲ. ಬೆಳಕನ್ನ ಟಿಶ್ಯೂ ಮೇಲೆ ಮಾತ್ರ ಬಿಡಿ, ಇಲಿ ಕಣ್ಣಿಗೆ ಬೇಡ. ಪಾರ್ಫಿರಿನ್ ಅಂದ್ರೆ ಇಲಿಗೆ ಏನೋ ಸ್ಟ್ರೆಸ್ ಇದೆ ಅಂತ ಅಷ್ಟೇ, ನೋವು ಇರಬಹುದು, ಜ್ವರ ಇರಬಹುದು, ಕೇಜಿನ ವಾಸನೆ ಇರಬಹುದು, ಜೊತೆಗಾರ ಸತ್ತಿರಬಹುದು.

ಇನ್ನು ನೋವಿನ ವೇಷದಲ್ಲಿ ಬರೋ ಬೇರೆ ಕಾಯಿಲೆಗಳು. ಉಸಿರಾಡುವಾಗ ಗೊರಗೊರ ಸದ್ದು, ಪಕ್ಕೆ ಎಳೆದೆಳೆದು ಉಸಿರಾಡೋದು ಇದ್ರೆ ಅದು ಬಹುಪಾಲು ಮೈಕೊಪ್ಲಾಸ್ಮಾ ಪಲ್ಮೋನಿಸ್ ಅನ್ನೋ ಬ್ಯಾಕ್ಟೀರಿಯಾದ್ದು, ಸಾಕಿದ ಇಲಿಗಳಲ್ಲಿ ಸಿಕ್ಕಾಪಟ್ಟೆ ಕಾಮನ್, ಅದಕ್ಕೆ ಡಾಕ್ಸಿಸೈಕ್ಲಿನ್, ಎನ್ರೊಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್ ಬೇಕು, ಪೇನ್‌ಕಿಲ್ಲರ್ ಒಂದರಿಂದಲೇ ಏನೂ ಆಗಲ್ಲ. ತಲೆ ಒಂದು ಕಡೆ ವಾಲಿದ್ರೆ ಒಳಕಿವಿ ಇನ್‌ಫೆಕ್ಷನ್ನೋ, ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ಗಡ್ಡೆನೋ ಇರಬಹುದು. ವಯಸ್ಸಾದ ಗಂಡಿಲಿ ಹಿಂದಿನ ಕಾಲು ಎಳ್ಕೊಂಡು ನಡೀತಿದ್ರೆ ಅದು ನರ ಸವೆದು ಬಂದ ನಿಶ್ಶಕ್ತಿ ಇರಬಹುದು, ನೋವೇ ಅಂತಿಲ್ಲ. ಕಲಬುರಗಿ, ರಾಯಚೂರು ಕಡೆಯವ್ರು ಮೇ ತಿಂಗಳಲ್ಲಿ ಮೊದ್ಲು ರೂಮಿನ ಬಿಸಿ ನೋಡಿ. ಇಲಿ ನಮ್ಮ ಥರ ಬೆವರಲ್ಲ, ಬಾಲದ ಮೂಲಕ ಬಿಸಿ ಹೊರಗೆ ಹಾಕುತ್ತೆ, ಸೆಕೆಗೆ ಚಪ್ಪಟೆಯಾಗಿ ಬಿದ್ಕೊಂಡಿರೋ ಇಲಿಗೆ ಬೇಕಾಗಿರೋದು ತಂಪು ಜಾಗ ಮತ್ತೆ ನೀರು.

ತೂಕ ಯಾವತ್ತಿನದು?

ಕಣ್ಣಳತೆ ಬೇಡ್ವೇ ಬೇಡ. ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಸೊನ್ನೆ ಮಾಡಿ, ಒಳಗೆ ಇಲಿ ಬಿಟ್ಟು ಗ್ರಾಂನಲ್ಲಿ ಓದ್ಕೊಳ್ಳಿ. ಹೆಣ್ಣಿಲಿ 250 ಗ್ರಾಂನದೂ ಇರುತ್ತೆ, ಗಂಡು 600 ದಾಟಿದ್ದೂ ಇರುತ್ತೆ, ಒಂದೇ ಕೇಜಲ್ಲಿರೋ ಎರಡಕ್ಕೆ ಒಂದೇ ಡೋಸ್ ಹೇಗಾಗುತ್ತೆ ಹೇಳಿ. ಕಾಯಿಲೆ ಬಿದ್ದ ಇಲಿ ವಾರದಲ್ಲಿ ತುಂಬಾ ಇಳಿದುಬಿಡುತ್ತೆ, ಹೋದ ತಿಂಗಳ ಚೀಟಿಯಲ್ಲಿರೋ ಎಂಎಲ್ ಈಗ ಜಾಸ್ತಿ ಆಗಿರಬಹುದು. ಗಡ್ಡೆ ಇರೋ ಇಲಿ ಆದ್ರೆ ಗಡ್ಡೆ ತೂಕಾನೂ ತಕ್ಕಡಿಯಲ್ಲಿ ಸೇರಿರುತ್ತೆ, ಅದನ್ನ ಡಾಕ್ಟ್ರಿಗೆ ಹೇಳಿ.

ಬಾಟ್ಲಿ ಮೇಲಿರೋ ನಂಬರ್ ಓದಿದ್ರಾ?

ಅತಿ ಹೆಚ್ಚು ಎಡವಟ್ಟು ಆಗೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ. "ಮೆಲಾಕ್ಸಿಕ್ಯಾಮ್ ಎಷ್ಟು ಎಂಎಲ್ ಕೊಡ್ಬೇಕು" ಅನ್ನೋ ಪ್ರಶ್ನೆಗೆ ಉತ್ತರಾನೇ ಇಲ್ಲ (ಮೆಲಾಕ್ಸಿಕ್ಯಾಮ್ ಅಂದ್ರೆ ನೋವು-ಊತಕ್ಕೆ ಕೊಡೋ ಪೇನ್‌ಕಿಲ್ಲರ್), ಬಾಟ್ಲಿ ಸ್ಟ್ರೆಂಗ್ತ್, ಅಂದ್ರೆ ಒಂದು ಎಂಎಲ್‌ನಲ್ಲಿ ಎಷ್ಟು ಎಂಜಿ ಔಷಧಿ ಇದೆ ಅಂತ ಗೊತ್ತಿಲ್ಲದೆ ಎಂಎಲ್ ಹೇಳೋಕೆ ಯಾರಿಗೂ ಆಗಲ್ಲ.

ಒಂದು ಲೆಕ್ಕ ನೋಡಿ. ಇಲಿಗಳಿಗೆ ಮೆಲಾಕ್ಸಿಕ್ಯಾಮ್ ಸಾಮಾನ್ಯವಾಗಿ ಕೆಜಿಗೆ 1ರಿಂದ 2 ಎಂಜಿ ಲೆಕ್ಕದಲ್ಲಿ ಬರೀತಾರೆ, ನಿಮ್ಮ ಇಲಿಗೆ ಎಷ್ಟು ಅಂತ, ದಿನಕ್ಕೆ ಒಂದು ಸಲಾನೋ ಎರಡು ಸಲಾನೋ ಅಂತ ಡಾಕ್ಟ್ರೇ ಹೇಳ್ಬೇಕು. 400 ಗ್ರಾಂ ಇಲಿಗೆ ಕೆಜಿಗೆ 1 ಎಂಜಿ ಹೇಳಿದ್ದಾರೆ ಅಂತ ಇಟ್ಕೊಳ್ಳಿ, ಅಂದ್ರೆ 0.4 ಎಂಜಿ. ಎಂಎಲ್‌ಗೆ 0.5 ಎಂಜಿ ಇರೋ ಬೆಕ್ಕಿನ ಸಸ್ಪೆನ್ಷನ್ (ಬಾಯಿಗೆ ಹಾಕೋ ದ್ರವ ಔಷಧಿ) ಆದ್ರೆ 0.8 ಎಂಎಲ್. 1.5 ಎಂಜಿಯ ನಾಯಿ ಸಸ್ಪೆನ್ಷನ್ ಆದ್ರೆ ಸುಮಾರು 0.27 ಎಂಎಲ್. 5 ಎಂಜಿ ಇಂಜೆಕ್ಷನ್ ಆದ್ರೆ 0.08. ದನಕ್ಕೆ ಹಾಕೋ 20 ಎಂಜಿ ಇಂಜೆಕ್ಷನ್ ಆದ್ರೆ 0.02, ಅಂದ್ರೆ ಸಿರಿಂಜಿನಲ್ಲಿ ಸರಿಯಾಗಿ ಅಳೆಯೋಕೂ ಆಗದಷ್ಟು. ಯಾರೋ ನಾಯಿ ಬಾಟ್ಲಿ ಲೆಕ್ಕದಲ್ಲಿ ಹೇಳಿದ 0.27 ಎಂಎಲ್ ಅನ್ನ ನೀವು ಈ 20 ಎಂಜಿ ಬಾಟ್ಲಿಯಿಂದ ತೆಗೆದ್ರೆ 5.4 ಎಂಜಿ ಹೋಗುತ್ತೆ, ಬೇಕಾಗಿದ್ದಕ್ಕಿಂತ ಹದಿಮೂರು ಪಟ್ಟಿಗಿಂತ ಜಾಸ್ತಿ.

ದನದ ಮೆಲಾಕ್ಸಿಕ್ಯಾಮ್ ನಮ್ಮೂರಿನ ವೆಟರ್ನರಿ ಮೆಡಿಕಲ್‌ಗಳಲ್ಲಿ ಇಷ್ಟು ಸುಲಭಕ್ಕೆ ಕಾಣೋಕೆ ಒಂದು ಕಾರಣ ಇದೆ. ಡೈಕ್ಲೊಫೆನಾಕ್ ಅನ್ನೋ ಪೇನ್‌ಕಿಲ್ಲರ್ ಹಾಕಿದ ದನ ಸತ್ತಾಗ ಅದನ್ನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯ್ತಿದ್ವು, ಅದಕ್ಕೆ 2006ರಲ್ಲಿ ಜಾನುವಾರುಗಳಿಗೆ ಡೈಕ್ಲೊಫೆನಾಕ್ ಬ್ಯಾನ್ ಆಯ್ತು, ರಣಹದ್ದಿಗೆ ಅಪಾಯ ಇಲ್ಲ ಅಂತ ಮೆಲಾಕ್ಸಿಕ್ಯಾಮ್ ಅದರ ಜಾಗಕ್ಕೆ ಬಂತು. ನಮ್ಮ ರಾಮನಗರದ ಬೆಟ್ಟದಲ್ಲಿರೋ ರಣಹದ್ದುಗಳ ದೃಷ್ಟಿಯಿಂದ ಇದು ತುಂಬಾ ಒಳ್ಳೇದು. ಆದ್ರೆ ಆ ಇಂಜೆಕ್ಷನ್ ಕೆಲವು ಬ್ರ್ಯಾಂಡಲ್ಲಿ ಪ್ಯಾರಾಸಿಟಮಾಲ್ ಜೊತೆ ಬೆರೆಸಿರುತ್ತೆ, ಹೆಸರಿನ ಕೊನೆಗೆ ಪ್ಲಸ್ ಅಂತ ಇದ್ರಂತೂ ಒಳಗೇನಿದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದಲೇಬೇಕು.

ಮಕ್ಕಳ ಸಿರಪ್ ಕಥೆನೂ ಇದೇ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಎಂಜಿಯದು, 125ರದು, 250ರದು ಎಲ್ಲಾ ಇದೆ, ಹಸುಗೂಸಿನ ಡ್ರಾಪ್ಸ್ ಆದ್ರೆ ಒಂದೇ ಎಂಎಲ್‌ಗೆ 100 ಎಂಜಿ. ಡಬ್ಬಿ ನೋಡೋಕೆ ಒಂದೇ ಥರ, ಒಳಗೆ ನಾಲ್ಕು ಪಟ್ಟು ವ್ಯತ್ಯಾಸ. ಪ್ಯಾರಾಸಿಟಮಾಲ್ ನೋವು-ಜ್ವರಕ್ಕೆ ಆಗುತ್ತೆ, ಊತಕ್ಕೆ ಅಷ್ಟಾಗಿ ಏನೂ ಮಾಡಲ್ಲ, ಬಾವು ಬಂದಿರೋ ಪಾದಕ್ಕೆ ಅದು ಸಾಲ್ತಿಲ್ಲ ಅಂದ್ರೆ ಆಶ್ಚರ್ಯ ಇಲ್ಲ. ಮನೇಲಿ ಬೆಕ್ಕೂ ಇದ್ರೆ ಆ ಸಿರಿಂಜು, ಆ ಬಟ್ಟಲು ಬೆಕ್ಕಿನ ಹತ್ರ ಹೋಗಲೇಬಾರದು, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಐಬುಪ್ರೊಫೆನ್‌ಗೆ ಬಂದ್ರೆ, ಇಲಿಗೆ ಕೆಜಿಗೆ 15 ಎಂಜಿ ಆಸುಪಾಸು ಬಳಸ್ತಾರೆ, 400 ಗ್ರಾಂ ಇಲಿಗೆ ಅದು 6 ಎಂಜಿ. ಈಗ ಮನೇಲಿರೋ ಕಾಂಬಿನೇಶನ್ ಮಾತ್ರೆ ನೋಡಿ, ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. "ಸ್ವಲ್ಪ ಅಂದ್ರೆ ಸ್ವಲ್ಪ, ಕಾಲು ಮಾತ್ರೆ" ಅಂತ ಕೊಟ್ರೆ 100 ಎಂಜಿ ಐಬುಪ್ರೊಫೆನ್ ಹೋಯ್ತು, ಕೆಜಿ ಲೆಕ್ಕದಲ್ಲಿ 250, ಜೊತೆಗೆ 80 ಎಂಜಿ ಪ್ಯಾರಾಸಿಟಮಾಲ್ ಬೇರೆ. 6 ಎಂಜಿ ಬೇಕಂದ್ರೆ ಆ ಮಾತ್ರೇನ ಅರವತ್ತಾರು ಚೂರು ಮಾಡ್ಬೇಕು. ದೊಡ್ಡೋರ ಮಾತ್ರೇನ ಚಾಕುವಲ್ಲಿ ಕತ್ತರಿಸಿ ಇಲಿಗೆ ಕೊಡೋ ಮಾತೇ ಬೇಡ.

ಉಲ್ಟಾ ತಪ್ಪೂ ಅಷ್ಟೇ ನಡೆಯುತ್ತೆ. ನಾಯಿಗೆ ಮೆಲಾಕ್ಸಿಕ್ಯಾಮ್ ದಿನಾ ಕೊಡೋದು ಕೆಜಿಗೆ 0.1 ಎಂಜಿ. ಇಲಿ ನೋಡಿ ಅಭ್ಯಾಸ ಇಲ್ಲದ ಡಾಕ್ಟ್ರು ಅದೇ ಲೆಕ್ಕ ಹಾಕಿದ್ರೆ ಇಲಿಗೆ ಬೇಕಾದ ಹತ್ತರಲ್ಲಿ ಒಂದು ಭಾಗ ಸಿಗುತ್ತೆ, ನೋವು ಹಂಗೇ ಇರುತ್ತೆ, ಔಷಧಿ ಕೆಲಸ ಮಾಡಲ್ಲ ಅಂತ ಬೇರೆ ಏನೋ ಹುಡುಕ್ತೀವಿ. ಚಿಕ್ಕ ಪ್ರಾಣಿ ಆದ್ರೂ ಕೆಜಿ ಲೆಕ್ಕದಲ್ಲಿ ಅದಕ್ಕೆ ಜಾಸ್ತಿನೇ ಬೇಕು. ಚೀಟಿಯಲ್ಲಿ ಬರೀ ಎಂಎಲ್ ಇದ್ರೆ "ಸಾರ್, ಕೆಜಿಗೆ ಎಷ್ಟು ಎಂಜಿ ಹಿಡಿದ್ರಿ, ಇಲಿ ಡೋಸ್ ಒಂದ್ಸಲ ಫಾರ್ಮುಲರಿ ನೋಡಿ ಹೇಳ್ತೀರಾ" ಅಂತ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ, ಅಲ್ಲೇ ಪುಸ್ತಕ ತೆಗೆದು ನೋಡೋ ಡಾಕ್ಟ್ರುಗಳು ಬೇಕಾದಷ್ಟು ಇದ್ದಾರೆ.

ಸಿರಿಂಜು ಯಾವುದು?

ನಾಯಿ ಬಾಟ್ಲಿ ಜೊತೆ ಬರೋ ಸಿರಿಂಜಿನ ಮೇಲೆ ಇರೋ ಗೆರೆ ಎಷ್ಟೋ ಸಲ ಎಂಎಲ್ ಅಲ್ಲ, ನಾಯಿ ತೂಕದ ಕೆಜಿ. ಅದನ್ನ ಪಕ್ಕಕ್ಕಿಡಿ. ಇನ್ಸುಲಿನ್ ಸಿರಿಂಜು ಇನ್ನೊಂದು ಗುಂಡಿ. ನಮ್ಮಲ್ಲಿ ಯು-40 ಕೂಡ ಸಿಗುತ್ತೆ, ಯು-100 ಕೂಡ ಸಿಗುತ್ತೆ, ಎರಡರ ಮೇಲೂ ಇರೋದು ಯೂನಿಟ್ ಗೆರೆ. ಯು-100ರಲ್ಲಿ 8 ಯೂನಿಟ್ ಅಂದ್ರೆ 0.08 ಎಂಎಲ್, ಯು-40ಯಲ್ಲಿ ಅದೇ 8 ಯೂನಿಟ್ 0.2 ಎಂಎಲ್, ಎರಡೂವರೆ ಪಟ್ಟು. ಸಾಮಾನ್ಯವಾಗಿ ಯು-40ಗೆ ಕೆಂಪು ಮುಚ್ಚಳ, ಯು-100ಗೆ ಕಿತ್ತಳೆ, ಆದ್ರೂ ಬಣ್ಣ ನಂಬದೆ ಬರೆದಿರೋದನ್ನ ಓದಿ. ಮೆಡಿಕಲ್‌ನಲ್ಲಿ "1 ಎಂಎಲ್ ಟ್ಯೂಬರ್ಕ್ಯುಲಿನ್ ಸಿರಿಂಜು" ಅಂತ ಕೇಳಿ ತಗೊಳ್ಳಿ, 0.01 ಎಂಎಲ್‌ವರೆಗೂ ಗೆರೆ ಇರುತ್ತೆ, ಸೂಜಿ ತೆಗೆದು ಬಿಸಾಕಿ.

ಸಸ್ಪೆನ್ಷನ್ ಅಂತ ಬರೆದಿದ್ರೆ ಕೊಡೋ ಮುಂಚೆ ಚೆನ್ನಾಗಿ ಅಲ್ಲಾಡಿಸ್ಬೇಕು. ಔಷಧಿ ತಳಕ್ಕೆ ಕೂತಿರುತ್ತೆ, ಅಲ್ಲಾಡಿಸದೇ ಕೊಟ್ರೆ ಮೊದಲ ದಿನಗಳಲ್ಲಿ ನೀರುನೀರು ಹೋಗುತ್ತೆ, ಬಾಟ್ಲಿ ಮುಗಿಯೋ ಹೊತ್ತಿಗೆ ಗಟ್ಟಿ ಭಾಗ ಹೋಗುತ್ತೆ. "ಒಂದು ವಾರ ಏನೂ ಆಗ್ಲಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಊಟ ಬಿಡ್ತು" ಅಂದ್ರೆ ನಾನು ಮೊದ್ಲು ಕೇಳೋದು ಇದನ್ನೇ.

ಹೊಟ್ಟೆಗೆ ಹೋಯ್ತಾ?

ನೀರಿನ ಬಾಟ್ಲಿಗೆ ಹಾಕೋದು ಬೇಡ. ಕಾಯಿಲೆ ಇಲಿ ನೀರೇ ಕಮ್ಮಿ ಕುಡಿಯುತ್ತೆ, ಕಹಿ ಅನ್ಸಿದ್ರೆ ಪೂರ್ತಿ ಬಿಡುತ್ತೆ, ಎಷ್ಟು ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಒಂದು ಚಮಚದ ತುದೀಲಿ ಬಾಳೆಹಣ್ಣು ಕಿವುಚಿ, ಅಥವಾ ಸೆರಲ್ಯಾಕ್, ರಾಗಿ ಸರಿ, ಅದಕ್ಕೆ ಔಷಧಿ ಬೆರೆಸಿ, ಆ ಇಲಿ ಒಂದನ್ನೇ ಹೊರಗೆ ತೆಗೆದು ಕಣ್ಣೆದುರಿಗೆ ತಿನ್ನಿಸಿ. ಜೊತೇಲಿರೋ ಇಲಿ ಕಿತ್ಕೊಂಡು ತಿನ್ನೋದು ಮಾಮೂಲಿ. ಅದರ ಪ್ರಾಣವಾದ ತಿಂಡೀಲಿ ಮಾತ್ರ ಬೆರೆಸಬೇಡಿ. ಇಲಿ ಒಂದ್ಸಲ ಏನಾದ್ರೂ ತಿಂದು ಹೊಟ್ಟೆ ಕೆಟ್ರೆ ಆ ರುಚೀನ ಮತ್ತೆ ಹತ್ರ ಸೇರಿಸಲ್ಲ, ಊಟ ಬಿಟ್ಟ ದಿನ ಆಸೆ ತೋರಿಸೋಕೆ ಒಂದು ತಿಂಡಿ ಆದ್ರೂ ಉಳೀಬೇಕು. ಡಾಕ್ಸಿಸೈಕ್ಲಿನ್ ಕೂಡ ನಡೀತಿದ್ರೆ ಅದನ್ನ ಹಾಲು, ಮೊಸರು, ಸೆರಲ್ಯಾಕ್ ಯಾವುದ್ರಲ್ಲೂ ಕೊಡ್ಬೇಡಿ, ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡುಬಿಡುತ್ತೆ.

ಸಿರಿಂಜಲ್ಲಿ ನೇರ ಕೊಡೋದಾದ್ರೆ ಟವಲ್ ಸುತ್ತಿ, ಮುಂದಿನ ಹಲ್ಲಿನ ಹಿಂದೆ ಕೆನ್ನೆ ಪಕ್ಕ ಖಾಲಿ ಜಾಗ ಇರುತ್ತೆ, ಅಲ್ಲಿಂದ ಹನಿ ಹನಿ ಬಿಡಿ, ನುಂಗೋಕೆ ಟೈಮ್ ಕೊಡಿ. ಮಲಗಿಸಿ ಸುರಿಯೋದು, ಒಂದೇ ಸಲ ಒತ್ತೋದು ಮಾಡಿದ್ರೆ ಶ್ವಾಸಕ್ಕೆ ಹೋಗುತ್ತೆ. ಇಲಿ ಉಸಿರಾಡೋದು ಮೂಗಲ್ಲೇ, ಮೂಗಿಗೆ ಔಷಧಿ ಹೋದ್ರೆ ಒದ್ದಾಡಿಬಿಡುತ್ತೆ. ಅರ್ಧ ಉಗಿದಿದೆ ಅಂತ ಅನುಮಾನಕ್ಕೆ ಇನ್ನೊಂದು ಡೋಸ್ ಹಾಕ್ಬೇಡಿ, ಮುಂದಿನ ಸಮಯದವರೆಗೂ ಕಾಯಿರಿ.

ಕಾಲು ಊದಿದೆ ಅಂತ ವೊಲಿನಿ ಥರದ ಜೆಲ್ ಹಚ್ಚೋರಿದ್ದಾರೆ. ಅದ್ರಲ್ಲಿ ಡೈಕ್ಲೊಫೆನಾಕ್ ಇದೆ, ಮೀಥೈಲ್ ಸ್ಯಾಲಿಸಿಲೇಟ್ ಇದೆ, ಇಲಿ ಮೈ ನೆಕ್ಕಿ ಕ್ಲೀನ್ ಮಾಡ್ಕೊಳ್ಳೋ ಪ್ರಾಣಿ, ಹಚ್ಚಿದ್ದಷ್ಟೂ ಹೊಟ್ಟೆಗೆ ಹೋಗುತ್ತೆ.

ಎಲ್ಲಾ ಸರಿ ಇದೆ, ಆದ್ರೂ ಕೊಟ್ಮೇಲೆ ಇನ್ನೂ ಡಲ್

ಮೆಲಾಕ್ಸಿಕ್ಯಾಮ್, ಐಬುಪ್ರೊಫೆನ್, ಕಾರ್ಪ್ರೊಫೆನ್ ಇವೆಲ್ಲ ಒಂದೇ ಗುಂಪು, ಎನ್‌ಎಸ್‌ಎಐಡಿ ಅಂತಾರೆ. ಹೊಟ್ಟೆ ಒಳಪದರಕ್ಕೂ ಕಿಡ್ನಿಗೂ ಇವುಗಳಿಂದ ಏಟು ಬೀಳಬಹುದು. ಎರಡನ್ನ ಒಟ್ಟಿಗೆ ಕೊಡೋ ಹಾಗಿಲ್ಲ. ಇದಕ್ಕಿಂತ ಹೆಚ್ಚು ತಪ್ಪಿಹೋಗೋದು ಸ್ಟಿರಾಯ್ಡ್. ಉಸಿರಾಟಕ್ಕೆ ಅಂತ ಒಬ್ಬ ಡಾಕ್ಟ್ರು ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಟ್ಟಿರ್ತಾರೆ, ಮನೆಗೆ ಬಂದು ನಾವು ಹಳೇ ಮೆಲಾಕ್ಸಿಕ್ಯಾಮ್ ಮುಂದುವರಿಸ್ತೀವಿ, ಎರಡೂ ಸೇರಿ ಹೊಟ್ಟೇಲಿ ಹುಣ್ಣು, ರಕ್ತ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಈ ಹೆಸರು ಚೀಟೀಲಿ ಕಂಡ್ರೆ ಪೇನ್‌ಕಿಲ್ಲರ್ ನಿಲ್ಲಿಸಿ ಫೋನ್ ಮಾಡಿ ಕೇಳಿ, ಮಧ್ಯೆ ಎಷ್ಟು ದಿನ ಬಿಡ್ಬೇಕು ಅಂತಾನೂ ಕೇಳಿ.

ಹಿಕ್ಕೆ ಕಪ್ಪಗಾಗೋದು, ಕಿವಿ-ಪಾದ-ಬಾಲ ಬಿಳಚಿಕೊಳ್ಳೋದು ಒಳಗೆ ರಕ್ತ ಹೋಗ್ತಿರೋ ಲಕ್ಷಣ, ಬಿಳಿ ಇಲಿಗಳಲ್ಲಿ ಪಾದ ನೋಡಿದ್ರೆ ಸಾಕು, ಗುಲಾಬಿ ಹೋಗಿ ಕಾಗದದ ಬಣ್ಣ ಬಂದಿರುತ್ತೆ. ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹೊಯ್ಯೋದು ಕಿಡ್ನಿ ಕಡೆ ಬೆರಳು ಮಾಡುತ್ತೆ, ವಯಸ್ಸಾದ ಇಲಿ, ಅದ್ರಲ್ಲೂ ಗಂಡಿಲಿಗಳಲ್ಲಿ ಕಿಡ್ನಿ ಸವೆತ ಮೊದ್ಲೇ ಇರುತ್ತೆ. ನೀರು ಕುಡೀದೆ ಒಣಗಿರೋ ಇಲಿಗೆ ಎನ್‌ಎಸ್‌ಎಐಡಿ ಕೊಡೋದು ಇನ್ನೂ ಅಪಾಯ, ಮೊದ್ಲು ಡಾಕ್ಟ್ರ ಹತ್ರ ಫ್ಲೂಯಿಡ್ ಹಾಕಿಸಿ.

ಆಪರೇಷನ್ ಆದ್ಮೇಲೆ ಬುಪ್ರೆನಾರ್ಫಿನ್ ಅನ್ನೋ ಬಲವಾದ ಪೇನ್‌ಕಿಲ್ಲರ್ ಹಾಕಿದ್ರೆ ಬೇರೆ ಥರ ಕಾಣುತ್ತೆ. ಕೆಲವು ಇಲಿ ಪೇಪರ್ ಚೂರು, ಹಾಸಿಗೆ ಹೊಟ್ಟು ಎಲ್ಲಾ ತಿನ್ನೋಕೆ ಶುರು ಮಾಡುತ್ತೆ, ಇಲಿಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆ ತೊಳೆಸಿದಾಗ ಸಿಕ್ಕಿದ್ದನ್ನ ತಿನ್ನೋದು ಅದರ ರೀತಿ. ಕೇಜಿಂದ ಆ ಹೊಟ್ಟು ತೆಗೆದು ಹಳೇ ಕಾಟನ್ ಬಟ್ಟೆ ಹಾಸಿ, ಡಾಕ್ಟ್ರಿಗೆ ತಿಳಿಸಿ. ಬುಪ್ರೆನಾರ್ಫಿನ್ನೂ, ಅದೇ ಥರದ ಟ್ರಾಮಡಾಲ್ಲೂ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ತಡೆ ಕಾಯ್ದೆ ಕೆಳಗೆ ಬರೋವು, ಇವನ್ನ ಹೊರಗೆ ಹುಡುಕೋಕೆ ಹೋಗ್ಬೇಡಿ, ನೋವು ಅಷ್ಟಿದ್ರೆ ಅದು ಆಸ್ಪತ್ರೇಲೇ ಆಗ್ಬೇಕಾದ ಕೆಲಸ.

ಡೋಸ್ ಜಾಸ್ತಿ ಹೋಗಿದೆ ಅಂತ ಗೊತ್ತಾದ್ರೆ

ಕಕ್ಕಿಸೋ ಪ್ರಯತ್ನ ಬೇಡ, ಆಗಲೇ ಹೇಳಿದ ಹಾಗೆ ಇಲಿಗೆ ವಾಂತಿನೇ ಆಗಲ್ಲ, ಉಪ್ಪುನೀರು ಕುಡಿಸಿದ್ರೆ ಇನ್ನೊಂದು ತೊಂದ್ರೆ. ಮನೆ ಆಸಿಡಿಟಿ ಔಷಧೀನೂ ಕೇಳದೆ ಹಾಕ್ಬೇಡಿ. ಮುಂದಿನ ಡೋಸ್ ನಿಲ್ಲಿಸಿ, ಲಕ್ಷಣ ಕಾಣೋ ತನಕ ಕಾಯದೆ ಡಾಕ್ಟ್ರಿಗೆ ಫೋನ್ ಮಾಡಿ, ಹುಣ್ಣೂ ಕಿಡ್ನಿ ತೊಂದ್ರೇನೂ ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಬೇಗ ಹೋದ್ರೆ ಚಾರ್ಕೋಲ್, ಫ್ಲೂಯಿಡ್, ಹೊಟ್ಟೆ ಕಾಯೋ ಔಷಧಿ ಅಂತ ಅವರ ಕೈಯಲ್ಲಿ ಮಾಡೋದು ಇದೆ. ಹೋಗೋ ಮುಂಚೆ "ಇಲಿ ನೋಡ್ತೀರಾ" ಅಂತ ಕೇಳ್ಕೊಂಡೇ ಹೊರಡಿ, ನಾಯಿ-ಬೆಕ್ಕು ಮಾತ್ರ ನೋಡೋ ಕ್ಲಿನಿಕ್ ಬಾಗಿಲಲ್ಲಿ ಅರ್ಧ ಗಂಟೆ ಹಾಳಾಗೋದು ಬೇಡ. ಬೆಂಗಳೂರಲ್ಲಿ ಎಕ್ಸಾಟಿಕ್ ಪ್ರಾಣಿ (ನಾಯಿ-ಬೆಕ್ಕು ಬಿಟ್ಟು ಇಲಿ, ಮೊಲದಂಥ ಸಾಕುಪ್ರಾಣಿ) ನೋಡೋ ಕ್ಲಿನಿಕ್‌ಗಳು ಇವೆ, ಹೆಬ್ಬಾಳದಲ್ಲಿ ವೆಟರ್ನರಿ ಕಾಲೇಜಿದೆ, ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೂ ಅವರವರ ಊರಲ್ಲೇ ವೆಟರ್ನರಿ ಕಾಲೇಜು ಇದೆ.

ಇಲಿ ಜೊತೆ ಬಾಟ್ಲಿ ಮತ್ತೆ ಸಿರಿಂಜು ಎರಡನ್ನೂ ತಗೊಂಡು ಹೋಗಿ, ಖಾಲಿ ಆಗಿದ್ರೂ ಸರಿ. ಒಂದು ಚೀಟೀಲಿ ಇವತ್ತಿನ ತೂಕ, ಔಷಧಿ ಹೆಸರು, ಎಂಎಲ್‌ಗೆ ಎಷ್ಟು ಎಂಜಿ, ಎಷ್ಟು ಎಂಎಲ್ ಎಷ್ಟು ಗಂಟೆಗೆ ಹೋಯ್ತು, ಕೊನೇ ಸಲ ತಿಂದಿದ್ದು ಯಾವಾಗ, ಬೇರೆ ಯಾವ ಔಷಧಿ ನಡೀತಿದೆ ಅಂತ ಬರೆದಿಟ್ಕೊಳ್ಳಿ. ದಾರೀಲಿ ಡಬ್ಬಿಯ ಒಂದು ಪಕ್ಕಕ್ಕೆ ಮಾತ್ರ ಉಗುರುಬೆಚ್ಚಗಿನ ನೀರಿನ ಬಾಟ್ಲಿ ಬಟ್ಟೆ ಸುತ್ತಿ ಇಡಿ, ಇನ್ನೊಂದು ಪಕ್ಕ ಖಾಲಿ ಬಿಡಿ, ಬಿಸಿ ಜಾಸ್ತಿ ಅನ್ಸಿದ್ರೆ ಸರ್ಕೊಳ್ಳೋಕೆ ಜಾಗ ಬೇಕು.